ಒಂದು ಜೀವಕೋಶ, ನೂರಾರು ಕೆಲಸ
(ಕಲಿಕಾ ಕೇಂದ್ರದಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಆಡಿದ ಮಾತು)

ಕೋಳಿಯನ್ನು ಕಾವಿಗೆ ಕೂರಿಸುವುದು ನಿಮಗೆಲ್ಲ ಗೊತ್ತು. 21 ದಿನಕ್ಕೆ ಮರಿ ಹೊರಗೆ ಬರುತ್ತದೆ. ಅದಕ್ಕೆ ಕಣ್ಣಿದೆ, ಕೊಕ್ಕಿದೆ, ಕಾಲಿದೆ, ಪುಕ್ಕವಿದೆ. ಆದರೆ ಹಸಿ ಮೊಟ್ಟೆ ಒಡೆದರೆ ಕಾಣುವುದೇನು? ಲೋಳೆ ಮತ್ತು ಹಳದಿ. ಹಾಗಾದರೆ ಕಣ್ಣು ಎಲ್ಲಿಂದ ಬಂತು? ಕಾಲು ಎಲ್ಲಿಂದ ಬಂತು? ಇವತ್ತು ಇದನ್ನೇ ಮಾತಾಡೋಣ. ಕೊನೆಗೆ ನಮ್ಮ ಮಕ್ಕಳ ವಿಷಯಕ್ಕೂ ಬರೋಣ.

ಹಳದಿಯ ಮೇಲೆ ಒಂದು ಸಣ್ಣ ಬಿಳಿ ಚುಕ್ಕೆ ಇರುತ್ತದೆ. ಮರಿಯಾಗುವುದು ಆ ಚುಕ್ಕೆಯೇ. ಹಳದಿ, ಲೋಳೆ ಎಲ್ಲ ಅದಕ್ಕೆ ಬುತ್ತಿ. ಮೊದಲು ಅದು ಒಂದೇ ಒಂದು ಜೀವಕೋಶ. ಒಂದು ಎರಡಾಗುತ್ತದೆ. ಎರಡು ನಾಲ್ಕಾಗುತ್ತದೆ. ಹೀಗೆ ಸಾವಿರಾರು ಆಗುತ್ತವೆ. ಕಾವು ಕೊಟ್ಟ ಎರಡನೇ ದಿನಕ್ಕೇ ಪುಟ್ಟ ಗುಂಡಿಗೆ ಬಡಿಯತೊಡಗುತ್ತದೆ! ಐದನೇ ದಿನ ಮೊಟ್ಟೆಯನ್ನು ದೀಪದ ಬೆಳಕಿಗೆ ಹಿಡಿದು ನೋಡಿ. ಜೇಡರ ಬಲೆಯ ಹಾಗೆ ಕೆಂಪು ಎಳೆಗಳು ಕಾಣುತ್ತವೆ. ಅವು ರಕ್ತನಾಳಗಳು.

ನಾವೂ ಹಾಗೆಯೇ. ತಾಯಿಯ ಅಂಡಾಣು, ತಂದೆಯ ವೀರ್ಯಾಣು ಕೂಡಿ ಒಂದು ಜೀವಕೋಶ ಆಗುತ್ತದೆ. ಅದರಿಂದಲೇ ಇಡೀ ಮೈ. ನಮ್ಮ ಮೈಯಲ್ಲಿ 200ಕ್ಕೂ ಹೆಚ್ಚು ಬಗೆಯ ಜೀವಕೋಶಗಳಿವೆ. ಮೊದಲು ಅವು ಮೂರು ಪದರ ಆಗುತ್ತವೆ. ಹೊರ ಪದರದಿಂದ ಚರ್ಮ, ಮೆದುಳು, ನರ. ನಡುವಿನ ಪದರದಿಂದ ಮೂಳೆ, ಮಾಂಸ, ರಕ್ತ. ಒಳ ಪದರದಿಂದ ಕರುಳು, ಪಿತ್ತಕೋಶ, ಶ್ವಾಸಕೋಶ.

ಒಂದೇ ಜೀವಕೋಶದ ಮಕ್ಕಳು ಬೇರೆ ಬೇರೆ ಹೇಗಾದವು? ಪಂಚಾಂಗ ನೆನೆಸಿಕೊಳ್ಳಿ. ಊರಿನ ಎಲ್ಲ ಮನೆಯಲ್ಲೂ ಅದೇ ಪಂಚಾಂಗ. ರೈತ ಮಳೆ ನಕ್ಷತ್ರದ ಪುಟ ತೆಗೆಯುತ್ತಾನೆ. ಮದುವೆ ಮನೆಯವರು ಮುಹೂರ್ತದ ಪುಟ ತೆಗೆಯುತ್ತಾರೆ. ಜೀವಕೋಶದ ಒಳಗೂ ಒಂದು ಪುಸ್ತಕ ಇದೆ ಅನ್ನಿ. ಅದರ ಹೆಸರು ಡಿಎನ್ಎ. ಹೆಚ್ಚು ಕಡಿಮೆ ಎಲ್ಲ ಜೀವಕೋಶಗಳಲ್ಲೂ ಅದೇ ಪುಸ್ತಕ. ಕಣ್ಣಿನ ಜೀವಕೋಶ ಕಣ್ಣಿಗೆ ಬೇಕಾದ ಪುಟ ಓದುತ್ತದೆ. ಮೂಳೆಯದು ಮೂಳೆಯ ಪುಟ ಓದುತ್ತದೆ. ಮಿಕ್ಕ ಪುಟ ಮುಚ್ಚಿರುತ್ತವೆ. ಒಮ್ಮೆ ಕೆಲಸ ಹಿಡಿದ ಜೀವಕೋಶ ಸಾಮಾನ್ಯವಾಗಿ ಅದನ್ನು ಬಿಡುವುದಿಲ್ಲ.

ಯಾವ ಪುಟ ತೆಗೆಯಬೇಕೆಂದು ಯಾರು ಹೇಳುತ್ತಾರೆ? ಅಕ್ಕಪಕ್ಕದ ಜೀವಕೋಶಗಳೇ ಸುದ್ದಿ ಕಳಿಸುತ್ತವೆ. ಇದನ್ನು ತೋರಿಸಿದವರಲ್ಲಿ ಒಬ್ಬರು ಹೆಣ್ಣುಮಗಳು. ಹೆಸರು ಹಿಲ್ಡೆ ಮ್ಯಾಂಗೋಲ್ಡ್. ಜರ್ಮನಿ ದೇಶದವರು. ಅಲ್ಲಿ ನ್ಯೂಟ್ ಎಂಬ ಪ್ರಾಣಿ ಇದೆ. ನೋಡಲು ಹಲ್ಲಿಯ ಹಾಗೆ, ಆದರೆ ಕಪ್ಪೆಯ ಬಳಗ. ಅವರು ಬಿಳಿಚು ಬಣ್ಣದ ನ್ಯೂಟ್ ಭ್ರೂಣದಿಂದ ಒಂದು ಚೂರು ತೆಗೆದರು. ಅದನ್ನು ಕಪ್ಪು ಬಣ್ಣದ ಇನ್ನೊಂದು ಭ್ರೂಣದಲ್ಲಿ ನೆಟ್ಟರು. ಏನಾಯ್ತು ಗೊತ್ತಾ? ಅಲ್ಲಿ ಎರಡನೇ ಮರಿಯೇ ಬೆಳೆಯತೊಡಗಿತು! ಅದರ ನರದ ಕೊಳವೆ ಹೆಚ್ಚಾಗಿ ಕಪ್ಪು ಜೀವಕೋಶಗಳಿಂದಲೇ ಆಗಿತ್ತು. ಅಂದರೆ, ಬಂದ ಚೂರು ಹೇಳಿತು, ಅಲ್ಲಿದ್ದ ಜೀವಕೋಶ ಕೇಳಿತು.

1924ರಲ್ಲಿ ಈ ಸಂಗತಿ ಅಚ್ಚಾಯಿತು. ಅದೇ ವರ್ಷ ಹಿಲ್ಡೆ ಅಡುಗೆಮನೆಯ ಬೆಂಕಿ ಅಪಘಾತದಲ್ಲಿ ತೀರಿಕೊಂಡರು. ಇನ್ನೂ 26 ತುಂಬಿರಲಿಲ್ಲ. ಅವರ ಗುರು ಹಾನ್ಸ್ ಸ್ಪೀಮನ್ ಅವರಿಗೆ 1935ರಲ್ಲಿ ನೊಬೆಲ್ ಬಹುಮಾನ ಬಂತು.

ಈಗ ನಮ್ಮ ವಿಷಯ. ಮಗುವಿನ ಮೆದುಳು, ಬೆನ್ನುಹುರಿ ಮೊದಲು ಚಪ್ಪಟೆ ಹಾಳೆಯಂತೆ ಇರುತ್ತವೆ. ನಾವು ಕರ್ಜಿಕಾಯಿ ಅಂಚು ಮಡಿಸಿ ಒತ್ತುತ್ತೇವಲ್ಲ, ಹಾಗೆ ಆ ಹಾಳೆಯ ಅಂಚುಗಳು ಎದ್ದು ಕೂಡಿಕೊಳ್ಳುತ್ತವೆ. ಕೊಳವೆ ಆಗುತ್ತದೆ. ಅಂಚು ಕೂಡದಿದ್ದರೆ? ಬೆನ್ನಿನಲ್ಲಿ ಬಿರುಕು ಉಳಿದ ಮಗು ಹುಟ್ಟಬಹುದು. ಕೆಲವು ಸಲ ತಲೆಬುರುಡೆ, ಮೆದುಳು ಬೆಳೆಯದೆ ಮಗು ಉಳಿಯುವುದೇ ಇಲ್ಲ.

ಇಂತಹ ಮಗು ಹುಟ್ಟಿದರೆ ಜನ ಏನಂತಾರೆ? 'ಗ್ರಹಣದಲ್ಲಿ ಹೊರಗೆ ಬಂದಳು', 'ಅವಳ ಪಾಪ' ಅಂತಾರೆ. ಇದು ಸುಳ್ಳು. ಗ್ರಹಣ ಕಾರಣ ಅಲ್ಲ. ಪಾಪವೂ ಅಲ್ಲ. ಆ ಅಂಚು ಕೂಡುವುದು ಗರ್ಭ ನಿಂತ 28 ದಿನದೊಳಗೆ. ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ. ಎಷ್ಟೋ ಹೆಂಗಸರಿಗೆ ಆಗ ಬಸಿರಾಗಿದ್ದೇ ಗೊತ್ತಿರುವುದಿಲ್ಲ. ಅವಳನ್ನು ದೂರಿದರೆ ನ್ಯಾಯವೇ?

ಆದರೆ ನಾವು ಮಾಡಬಹುದಾದ ಕೆಲಸ ಒಂದಿದೆ. ಒಂದು ಜೀವಕೋಶ ಎರಡಾಗಲು ಫೋಲಿಕ್ ಆಸಿಡ್ ಬೇಕು. ಅದು ಸೊಪ್ಪಿನಲ್ಲಿ, ಬೇಳೆಕಾಳಿನಲ್ಲಿ ಇದೆ. ಅಷ್ಟೇ ಸಾಲದು, ಮಾತ್ರೆಯೂ ಬೇಕು. 1991ರಲ್ಲಿ ಒಂದು ದೊಡ್ಡ ಅಧ್ಯಯನದ ಫಲ ಹೊರಬಂತು. ಇಂತಹ ಮಗು ಹಿಂದೆ ಹುಟ್ಟಿದ್ದ ತಾಯಂದಿರು ಬಸಿರಾಗುವ ಮೊದಲಿನಿಂದಲೇ ಮಾತ್ರೆ ತಿಂದರು. ಮತ್ತೆ ಹಾಗಾಗುವ ಅಪಾಯ 100ಕ್ಕೆ 72ರಷ್ಟು ಕಡಿಮೆ ಆಯಿತು. ಪೂರ್ತಿ ಹೋಗಲಿಲ್ಲ. ಆದರೂ ಎಷ್ಟು ದೊಡ್ಡ ಮಾತು!

ಆದ್ದರಿಂದ ಮಗು ಬೇಕು ಅಂದುಕೊಂಡಾಗಲೇ ಮಾತ್ರೆ ಶುರು ಮಾಡಿ. ಆರೋಗ್ಯ ಕೇಂದ್ರದಲ್ಲಿ ಕೇಳಿ. ಹಿಂದೆ ಇಂತಹ ಮಗು ಆಗಿದ್ದರೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ಅದನ್ನು ಡಾಕ್ಟರ್ ಹೇಳಬೇಕು.

ಈಗ ನಿಮಗೆ ಓದಲು ಬರುತ್ತದೆ. ಮಾತ್ರೆಯ ಹಾಳೆಯ ಮೇಲೆ 'ಫೋಲಿಕ್ ಆಸಿಡ್' ಎಂದು ಇದೆಯೇ ಅಂತ ಕೇಳಿ, ನೋಡಿ. ಮನೆಯಲ್ಲಿ ಹೊಸ ಸೊಸೆ ಇದ್ದರೆ ಈ ಪಾಠ ಅವಳಿಗೂ ಓದಿ ಹೇಳಿ. ಅತ್ತೆಗೂ ಓದಿ ಹೇಳಿ.