ರೆಖ್ಮಿರೆಯ ಸಮಾಧಿ

ಈಜಿಪ್ಟ್ ದೇಶದ ಅರಸರ ವಿಷಯವನ್ನು ನಾವು ಬಹಳವಾಗಿ ಕೇಳಿರುವೆವು. ಪಿರಮಿಡ್ಡುಗಳನ್ನು ಕಟ್ಟಿಸಿದವರು ಅರಸರು. 1922ರಲ್ಲಿ ಬೆಳಕಿಗೆ ಬಂದು ಲೋಕವನ್ನೇ ಬೆರಗುಗೊಳಿಸಿದ ಟುಟಾಂಖಾಮನನ ನಿಧಿಯೂ ಅರಸನದೇ. ಆದರೆ ಆ ದೇಶದ ಜನ ಹೇಗೆ ದುಡಿದರು, ಯಾರ ಮುಂದೆ ನಿಂತು ನ್ಯಾಯವನ್ನು ಬೇಡಿದರು ಎಂಬುದನ್ನು ತಿಳಿಯಬೇಕಾದರೆ ಅಧಿಕಾರಿಗಳ ಸಮಾಧಿಗಳನ್ನು ಹೊಗಬೇಕು. ಅರಸರ ಗೋಡೆಗಳ ಮೇಲೆ ಹೆಚ್ಚಾಗಿ ಕಾಣುವುದು ಪರಲೋಕದ ದೇವತೆಗಳು. ಅಧಿಕಾರಿಗಳ ಗೋಡೆಗಳ ಮೇಲೆ ಕಾಣುವುದು ಇಹಲೋಕದ ಬಾಳು. ಅಂತಹ ಸಮಾಧಿಗಳಲ್ಲಿ ಬಹು ಪ್ರಸಿದ್ಧವಾದ ಒಂದನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಹೇಳುವೆವು.

ನೀಲನದಿಯ ಪಶ್ಚಿಮ ತೀರದಲ್ಲಿ, ಲಕ್ಸರ್ ಪಟ್ಟಣದ ಎದುರಿಗೆ, ಶೇಖ್ ಅಬ್ದ್ ಎಲ್-ಕುರ್ನ ಎಂಬ ಗುಡ್ಡವಿದೆ. ಆ ಗುಡ್ಡದ ಬಂಡೆಯಲ್ಲಿ ಕೊರೆದ ಸಮಾಧಿಗಳಲ್ಲಿ ವಿದ್ವಾಂಸರು 100ನೆಯ ಸಂಖ್ಯೆಯನ್ನು ಕೊಟ್ಟಿರುವುದು ರೆಖ್ಮಿರೆಯದು. ಹೆಸರಿಗೆ ‘ಸೂರ್ಯದೇವನಾದ ರೇಯಂತೆ ಬಲ್ಲವನು’ ಎಂದರ್ಥ. ಕ್ರಿಸ್ತಪೂರ್ವ 15ನೆಯ ಶತಮಾನದಲ್ಲಿ, ಮೂರನೆಯ ಥಟ್‌ಮೋಸ್ ಚಕ್ರವರ್ತಿಯ ಕಾಲದಲ್ಲಿ, ಈತನು ಮಹಾಮಂತ್ರಿಯಾಗಿದ್ದನು. ಈತನ ಅಜ್ಜನೂ ತಂದೆಯ ಸಹೋದರನೂ ಅದೇ ಪದವಿಯಲ್ಲಿದ್ದವರು. ಸಮಾಧಿಯನ್ನು ಹೊಕ್ಕೊಡನೆ ಎಡಬಲಕ್ಕೆ ಚಾಚಿದ ಒಂದು ಹಜಾರ. ಅದರ ನಡುವಿನಿಂದ ಬೆಟ್ಟದ ಒಳಕ್ಕೆ ಹೋಗುವ ಒಂದು ನೀಳವಾದ ಓಣಿ. ಈ ಓಣಿಯ ಮಾಳಿಗೆ ಮುಂದೆ ಹೋದಂತೆಲ್ಲ ಮೇಲೇರುತ್ತ, ಮೊದಲಲ್ಲಿ ಸುಮಾರು 3 ಮೀಟರ್ ಎತ್ತರವಿದ್ದುದು ಕೊನೆಯಲ್ಲಿ ಸುಮಾರು 8 ಮೀಟರ್ ಆಗುತ್ತದೆ. ಗೋಡೆಗಳ ತುಂಬ ವರ್ಣಚಿತ್ರಗಳು, ಶಾಸನಗಳು.

ಮೊದಲು ನ್ಯಾಯಸಭೆಯನ್ನು ನೋಡೋಣ. ಮಂತ್ರಿಯ ಮುಂದೆ ಚಾಪೆಗಳ ಮೇಲೆ ತೊಗಲಿನ 40 ವಸ್ತುಗಳನ್ನು ಹಾಸಿದೆ. ಇವು ಧರ್ಮಶಾಸ್ತ್ರದ ಸುರುಳಿಗಳೆಂದು ಮೊದಲಿನ ವಿದ್ವಾಂಸರು. ದಂಡಾಧಿಕಾರದ ಚಿಹ್ನೆಗಳೆಂದು ಅನಂತರದವರು. ದೂರುಗಾರರನ್ನು ಸರದಿಯಂತೆಯೇ ಕೇಳಬೇಕು, ಹಿಂದಿನವನು ಮುಂದಿನವನನ್ನು ದಾಟಿ ಬರಕೂಡದು ಎಂದು ಶಾಸನವು ವಿಧಿಸುತ್ತದೆ. ಪದವಿಯನ್ನು ಕೊಡುವಾಗ ಅರಸನು ಮಂತ್ರಿಗೆ ಹೇಳಿದ ಬುದ್ಧಿವಾದವೂ ಇಲ್ಲಿದೆ. ಈ ಅಧಿಕಾರವು ಸಿಹಿಯಾದುದಲ್ಲ, ಕಹಿಯಾದುದು. ಪರಿಚಿತನನ್ನೂ ಅಪರಿಚಿತನನ್ನೂ ಸಮನಾಗಿ ಕಾಣತಕ್ಕದ್ದು ಎಂದು ಅದರ ತಾತ್ಪರ್ಯ. ಅಲ್ಲಿಗೇ ನಿಲ್ಲದೆ, ಹಿಂದಿನ ಖೇತಿ ಎಂಬ ಮಂತ್ರಿಯ ಉದಾಹರಣೆಯನ್ನೂ ಅರಸನು ಎತ್ತುತ್ತಾನೆ. ಪಕ್ಷಪಾತಿಯೆಂಬ ಅಪವಾದಕ್ಕೆ ಹೆದರಿ ಖೇತಿಯು ತನ್ನ ಬಂಧುಗಳಿಗೆ ವಿರುದ್ಧವಾಗಿಯೇ ತೀರ್ಪು ಕೊಡುತ್ತಿದ್ದನಂತೆ. ಅದು ನ್ಯಾಯವನ್ನು ಮೀರಿದ ನಡತೆ, ಅದನ್ನು ಅನುಸರಿಸಬೇಡ ಎಂದು ಎಚ್ಚರಿಕೆ. ಸ್ವಜನಪಕ್ಷಪಾತವು ದೋಷವೆಂಬುದನ್ನು ಎಲ್ಲರೂ ಬಲ್ಲರು. ಕೀರ್ತಿಯ ಆಸೆಯಿಂದ ಸ್ವಜನರನ್ನು ತುಳಿಯುವುದೂ ದೋಷವೇ ಎಂಬ ಈ ಸೂಕ್ಷ್ಮವನ್ನು ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆಯೇ ಗೋಡೆಯ ಮೇಲೆ ಬರೆದಿಟ್ಟರು.

ಇನ್ನೊಂದು ಗೋಡೆಯ ಮೇಲೆ ಪರದೇಶಗಳ ಕಪ್ಪಕಾಣಿಕೆಗಳು. ಪುಂಟ್ ದೇಶದವರು ಸುಗಂಧದ್ರವ್ಯಗಳನ್ನು ತಂದಿದ್ದಾರೆ. ನೂಬಿಯದವರು ಚಿನ್ನ, ದಂತ, ಚಿರತೆಗಳೊಡನೆ ಒಂದು ಜಿರಾಫೆಯನ್ನು ನಡೆಸಿಕೊಂಡು ಬಂದಿದ್ದಾರೆ. ಅದರ ಕೊರಳನ್ನು ಒಂದು ಕೋತಿ ಹತ್ತುತ್ತಿದೆ. ಸಿರಿಯದವರು ಕುದುರೆಗಳನ್ನೂ ಕರಡಿಯನ್ನೂ ಒಂದು ಆನೆಯನ್ನೂ ತಂದಿದ್ದಾರೆ. ಆಗ ಸಿರಿಯದಲ್ಲಿದ್ದು ಈಗ ನಿರ್ನಾಮವಾಗಿರುವ ಆ ಆನೆ ನಮ್ಮ ದೇಶದ ಆನೆಯ ಜಾತಿಗೇ ಸೇರಿದುದು. ಕ್ರೀಟ್ ದ್ವೀಪದವರ ಉಡುಪನ್ನು ಚಿತ್ರಗಾರನು ಮೊದಲು ಒಂದು ಬಗೆಯಾಗಿ ಬರೆದು, ಆಮೇಲೆ ಅದರ ಮೇಲೆಯೇ ಬೇರೊಂದು ಬಗೆಯ ಉಡುಪನ್ನು ಬರೆದಿದ್ದಾನೆ. ಅಷ್ಟರಲ್ಲಿ ಕ್ರೀಟಿನ ಆಳ್ವಿಕೆಯೇ ಗ್ರೀಸಿನವರ ಕೈಗೆ ಹೋಗಿದ್ದಿತೆಂದು ಕೆಲವು ಇತಿಹಾಸಕಾರರು ಇದರಿಂದ ಊಹಿಸಿದ್ದಾರೆ.

ಓಣಿಯ ಗೋಡೆಯ ಮೇಲೆ ದುಡಿಯುವವರ ಲೋಕವಿದೆ. ಮರಗಳಿಂದ ಸುತ್ತುವರಿದ ಕೊಳದಿಂದ ಇಬ್ಬರು ನೀರನ್ನು ತುಂಬುತ್ತಾರೆ. ಕೆಲವರು ಗುದ್ದಲಿಯಿಂದ ಮಣ್ಣನ್ನು ಹದಮಾಡುತ್ತಾರೆ. ಒಬ್ಬನು ಮರದ ಅಚ್ಚಿನಲ್ಲಿ ಇಟ್ಟಿಗೆಯನ್ನು ಕೊಯ್ಯುತ್ತಾನೆ. ಇವರು ಯುದ್ಧದಲ್ಲಿ ಸೆರೆಸಿಕ್ಕ ಪರದೇಶದವರು. ಪಕ್ಕದಲ್ಲಿ ಕೋಲು ಹಿಡಿದ ಮೇಸ್ತ್ರಿ. ಅತ್ತ ಕಂಚಿನ ಎರಕ ನಡೆದಿದೆ. ಆಳುಗಳು ತಿದಿಗಳ ಮೇಲೆ ನಿಂತು, ಒಂದು ಕಾಲಿನಿಂದ ತುಳಿದು, ಮತ್ತೊಂದನ್ನು ಹಗ್ಗದಿಂದ ಎತ್ತುತ್ತ ಬೆಂಕಿಯನ್ನು ಊದುತ್ತಾರೆ. ಕರಗಿದ ಲೋಹವನ್ನು ದೇವಾಲಯದ ಬಾಗಿಲಿನ ಅಚ್ಚಿಗೆ ಹೊಯ್ಯುತ್ತಾರೆ. ಬಡಗಿ ಗರಗಸದಿಂದ ಮರವನ್ನು ಸೀಳುತ್ತಾನೆ. ಶಿಲ್ಪಿಗಳು ಅಟ್ಟಣೆಯ ಮೇಲೆ ನಿಂತು ದೊಡ್ಡ ಪ್ರತಿಮೆಗೆ ನುಣುಪು ಕೊಡುತ್ತಾರೆ.

ಇಷ್ಟೆಲ್ಲವನ್ನೂ ಬರೆಯಿಸಿದ ರೆಖ್ಮಿರೆಯ ಗತಿಯೇನಾಯಿತು? ಸಮಾಧಿಯ ಹಲವೆಡೆಗಳಲ್ಲಿ ಆತನ ರೂಪವನ್ನೂ ಹೆಸರನ್ನೂ ಉಳಿಯಿಂದ ಕೆತ್ತಿಹಾಕಿದ್ದಾರೆ. ಶವವನ್ನು ಇಡುವ ಕೋಣೆಯೂ ಇಲ್ಲಿ ಕಂಡುಬಂದಿಲ್ಲ. ಹೊಸ ಅರಸನಾದ ಎರಡನೆಯ ಅಮೆನ್‌ಹೋಟೆಪನ ಅವಕೃಪೆಗೆ ಆತನು ಪಾತ್ರನಾದನೆಂದು ಹಲವರ ಮತ. ರೂಪವೂ ಹೆಸರೂ ಅಳಿದವನಿಗೆ ಪರಲೋಕದಲ್ಲಿ ಬಾಳಿಲ್ಲವೆಂಬುದು ಆ ಜನರ ನಂಬಿಕೆ. ಆದುದರಿಂದ ಇದು ಎರಡನೆಯ ಮರಣವೇ ಸರಿ. ಬಡವನನ್ನೂ ಬಲ್ಲಿದನನ್ನೂ ಸಮನಾಗಿ ಕಂಡೆನು, ವಿಧವೆಗೆ ಆಸರೆಯಾದೆನು, ಲಂಚವನ್ನು ಮುಟ್ಟಲಿಲ್ಲ ಎಂದು ಬರೆಯಿಸಿಕೊಂಡವನಿಗೆ ಯಾವ ವಿಚಾರಣೆಯಾಯಿತೋ ಗೋಡೆಗಳು ಹೇಳುವುದಿಲ್ಲ.

ಆದರೆ ಉಳಿ ತಾಗದ ಎಡೆಗಳಲ್ಲಿ ಹೆಸರು ಉಳಿಯಿತು. ನಾರ್ಮನ್ ಡೇವಿಸ್ ಎಂಬ ವಿದ್ವಾಂಸರು ಗೋಡೆಗಳನ್ನೆಲ್ಲ ಪ್ರತಿಮಾಡಿ ಸಿದ್ಧಪಡಿಸಿದ ಗ್ರಂಥವು 1943ರಲ್ಲಿ ನ್ಯೂಯಾರ್ಕಿನಿಂದ ಪ್ರಕಟವಾಯಿತು. ಮಂತ್ರಿಯ ಮುಖವನ್ನು ಅಳಿಸಿದವರು ಇಟ್ಟಿಗೆ ಕೊಯ್ಯುವ ಸೆರೆಯಾಳುಗಳನ್ನು ಅಳಿಸುವ ಗೋಜಿಗೆ ಹೋಗಲಿಲ್ಲ. ಅವರಿಂದ ಯಾರಿಗೂ ಭಯವಿರಲಿಲ್ಲ. ಮಹಾಮಂತ್ರಿಯ ವೈಭವವನ್ನು ತೋರಿಸಲೆಂದು ಬರೆದ ಗೋಡೆಗಳಲ್ಲಿ ಇಂದಿಗೂ ಮುಖ ಕೆಡದೆ ನಿಂತಿರುವವರು ಹೆಸರಿಲ್ಲದ ಆ ದುಡಿಮೆಗಾರರು.