ಕುಸುಬಿಯ ಗಾಣವೂ ಪರದೇಶದ ಎಣ್ಣೆಯೂ
(ಮುಳವಾಡದಲ್ಲಿ ಮಾಡಿದ ಭಾಷಣ)



ಮುಳವಾಡದ ಎರೆ ಭೂಮಿಯಲ್ಲಿ ನಿಂತು ಜಗತ್ತಿನ ಪೇಟೆಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಗಿರಣಿಯ ಪಾಳಿ ಮುಗಿಸಿದವರು, ಅಂಗಡಿಯ ಬಾಗಿಲು ಹಾಕಿ ಬಂದವರು ಇಲ್ಲಿ ಕುಳಿತಿದ್ದೀರಿ. ಮನೆಗೆ ಹೋದ ಮೇಲೆ ಒಲೆಯ ಬಳಿಯ ಎಣ್ಣೆಯ ಪಾಕೀಟನ್ನು ನೋಡಿರಿ. ಅದು ಹುಟ್ಟಿದ್ದು ಇಂಡೋನೇಷ್ಯಾ, ಮಲೇಶಿಯಾಗಳ ತಾಳೆ ತೋಟದಲ್ಲಿರಬಹುದು. ಇಲ್ಲವೆ ಅರ್ಜೆಂಟೀನಾದ ಸೋಯಾ ಹೊಲದಲ್ಲಿ, ರಶಿಯಾ-ಉಕ್ರೇನಿನ ಸೂರ್ಯಕಾಂತಿ ಹೊಲದಲ್ಲಿ. ನಮ್ಮ ದೇಶ ವರ್ಷಕ್ಕೆ ಸುಮಾರು 160 ಲಕ್ಷ ಟನ್ ಅಡುಗೆ ಎಣ್ಣೆಯನ್ನು ಹೊರಗಿನಿಂದ ತರಿಸುತ್ತದೆ.

ನಮ್ಮ ಹಿರಿಯರು ಬಿಳಿಜೋಳದ ನಡುವೆ ಅಕ್ಕಡಿಯಾಗಿ ಕುಸುಬಿ ಬಿತ್ತುತ್ತಿದ್ದರು. ಹಿಂಗಾರಿಯ ಇಬ್ಬನಿಯಲ್ಲೇ ಬೆಳೆಯುವ ಬೆಳೆ. ಎಣ್ಣೆ ಮನೆಗೆ, ಹಿಂಡಿ ಎತ್ತಿಗೆ. ಮುಳ್ಳಿನ ಗಿಡ, ಕೊಯ್ಯುವ ಕೈ ಗೀರಿಹೋಗುತ್ತಿತ್ತು. ಕೂಲಿಯವರು ಹಿಂದೆ ಸರಿಯುತ್ತಿದ್ದುದು ಸುಳ್ಳಲ್ಲ. ಏತ ನೀರಾವರಿಯ ನೀರು ಬಂದ ಕಡೆ ರೈತ ಕಬ್ಬಿಗೆ ಹೊರಳಿದ್ದಕ್ಕೂ ಅವನನ್ನು ಬಯ್ಯಲಾರೆವು. ಆದರೆ ಗಾಣಗಳು ನಿಂತದ್ದು ಮುಳ್ಳಿನಿಂದ ಮಾತ್ರವಲ್ಲ.

ಲೆಕ್ಕವನ್ನು ನೇರವಾಗಿ ನೋಡೋಣ. ಒಳ್ಳೆಯ ತಾಳೆ ತೋಟ ಎಕರೆಗೆ ಹನ್ನೆರಡು-ಹದಿನೈದು ಕ್ವಿಂಟಲ್ ಎಣ್ಣೆ ಕೊಡುತ್ತದೆ. ಮಳೆ ನಂಬಿದ ನಮ್ಮ ಕುಸುಬಿ ಒಂದು ಕ್ವಿಂಟಲ್ ಕೊಟ್ಟರೆ ಪುಣ್ಯ. ಈ ಕುಸ್ತಿಯಲ್ಲಿ ಜೋಡಿ ಸರಿಯಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ನಡುವೆ ಸುಂಕದ ಕಟ್ಟೆ ಇತ್ತು, ಆಮದೂ ಸರಕಾರದ ಕೈಯಲ್ಲೇ ಇತ್ತು. 1986ರಲ್ಲಿ ಎಣ್ಣೆಕಾಳುಗಳ ತಂತ್ರಜ್ಞಾನ ಅಭಿಯಾನ ಆರಂಭವಾಗಿ, 1990ರ ದಶಕದ ಮೊದಲಿಗೆ ದೇಶ ತನ್ನ ಎಣ್ಣೆಯನ್ನು ಹೆಚ್ಚುಕಡಿಮೆ ತಾನೇ ಬೆಳೆದುಕೊಳ್ಳುವ ಮಟ್ಟಕ್ಕೆ ಬಂದಿತ್ತು. 1994ರಲ್ಲಿ ತಾಳೆ ಎಣ್ಣೆಯ ಆಮದನ್ನು ಖಾಸಗಿಯವರಿಗೆ ತೆರೆದರು. ಸುಂಕ ಶೇಕಡಾ 65. 1998ರ ಹೊತ್ತಿಗೆ ಅದು 15ಕ್ಕೆ ಇಳಿಯಿತು. ನಾಲ್ಕೇ ವರ್ಷದಲ್ಲಿ ಕಟ್ಟೆ ಒಡೆಯಿತು.

ಜಾಗತಿಕ ವ್ಯಾಪಾರ ಸಂಸ್ಥೆಯ ಒಪ್ಪಂದ ನಮ್ಮ ಕೈ ಕಟ್ಟಿದೆ ಎನ್ನುವವರುಂಟು. ಅದು ಅರ್ಧ ಮಾತು. ಸೋಯಾ ಎಣ್ಣೆಗೆ ಶೇಕಡಾ 45ಕ್ಕಿಂತ ಮೇಲೆ ಸುಂಕ ಹಾಕುವಂತಿಲ್ಲ, ನಿಜ. ಆದರೆ ತಾಳೆ ಎಣ್ಣೆಗೆ 300ರ ವರೆಗೆ ಹಾಕಲು ಅದೇ ಒಪ್ಪಂದದಲ್ಲಿ ಅವಕಾಶವಿದೆ. ಕಟ್ಟಿದ್ದು ಒಂದು ಕೈ ಮಾತ್ರ.

ಗಿರಣಿಯ ಅಣ್ಣಂದಿರು ಇದನ್ನು ಲಕ್ಷ್ಯಗೊಟ್ಟು ಕೇಳಬೇಕು. ಇಂಡೋನೇಷ್ಯಾ ಸರಕಾರ ಕಚ್ಚಾ ಎಣ್ಣೆ ಹೊರಗೆ ಹೋಗುವಾಗ ಹೆಚ್ಚು ತೆರಿಗೆ ಹಾಕುತ್ತದೆ, ಶುದ್ಧೀಕರಿಸಿದ ಎಣ್ಣೆಗೆ ಕಡಿಮೆ. ಏಕೆ? ಅವರ ದೇಶದ ಕಾರಖಾನೆಯೇ ಓಡಲಿ, ಅವರ ಕೂಲಿಯೇ ದುಡಿಯಲಿ ಎಂದು. ನಾವು ಅದನ್ನು ತಪ್ಪೆನ್ನುವುದಿಲ್ಲ; ಕಲಿಯಬೇಕಾದ ಪಾಠ. ನಮ್ಮಲ್ಲಿ ಎರಡರ ಸುಂಕದ ಅಂತರ ಎಂಟೂಕಾಲು ಇದ್ದಾಗ ಶುದ್ಧ ಎಣ್ಣೆಯೇ ಹಡಗು ತುಂಬಿ ಬಂತು, ಇಲ್ಲಿನ ಶುದ್ಧೀಕರಣ ಗಿರಣಿಗಳು ಸೊರಗಿದವು. 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯ ಒಟ್ಟು ಸುಂಕವನ್ನು 27.5ರಿಂದ 16.5ಕ್ಕೆ ಇಳಿಸಿ, ಶುದ್ಧ ಎಣ್ಣೆಯದನ್ನು 35.75ರಲ್ಲೇ ಬಿಟ್ಟರು. ಅಂತರ 19.25 ಆಯಿತು. ಇದರಿಂದ ಬಂದರಿನ ದೊಡ್ಡ ಶುದ್ಧೀಕರಣ ಕಾರಖಾನೆಗೆ ಕೆಲಸ ಸಿಕ್ಕೀತು. ಬಾಗೇವಾಡಿಯ ರೈತನ ಕಾಳಿಗೆ, ವಿಜಯಪುರದ ಸಣ್ಣ ಎಣ್ಣೆ ಗಿರಣಿಗೆ ಮಾತ್ರ ಕಟ್ಟೆ ಮತ್ತೆ ತಗ್ಗಿತು.

ಅಂಗಡಿಕಾರರೇ, ಅಗ್ಗದ ಮಾಲು ಸದಾ ಅಗ್ಗವಾಗಿರುವುದಿಲ್ಲ. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಹತ್ತಿತು. ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಮೂರು ವಾರ ರಫ್ತನ್ನೇ ನಿಲ್ಲಿಸಿತು. ಧಾರಣೆ ಏರಿದಾಗ ಗಿರಾಕಿಯ ಬೈಗುಳ ತಿಂದವರು ಜಕಾರ್ತದವರಲ್ಲ, ನೀವು.

ಹಾಗಾದರೆ ಸುಂಕ ಏರಿಸಿಬಿಡೋಣವೇ? ಇಲ್ಲಿ ನಮ್ಮ ನಮ್ಮಲ್ಲೇ ಜಗಳವಿದೆ, ಮುಚ್ಚಿಡಬೇಕಾಗಿಲ್ಲ. ದಿನಗೂಲಿಯ ತಾಯಿಗೆ ಎಣ್ಣೆ ಕಿಲೋಕ್ಕೆ ಹತ್ತು ರೂಪಾಯಿ ಏರಿದರೂ ಒಗ್ಗರಣೆ ತಪ್ಪುತ್ತದೆ. ಆಕೆಯ ಹೊಟ್ಟೆಯ ಮೇಲೆ ಕುಸುಬಿಯನ್ನು ಉಳಿಸಲು ನಾವು ಒಪ್ಪುವುದಿಲ್ಲ. ಸುಂಕದಿಂದ ಬಂದ ಹಣ ದಿಲ್ಲಿಯ ಬೊಕ್ಕಸದಲ್ಲಿ ಕೂಡದೆ ರೇಶನ್ ಅಂಗಡಿಗೆ ಎಣ್ಣೆಯಾಗಿ ಬರಲಿ ಎಂಬುದು ನಮ್ಮ ಬೇಡಿಕೆ. 2026-27ರ ಹಂಗಾಮಿಗೆ ಕುಸುಬಿಗೆ ಕ್ವಿಂಟಲಿಗೆ 6,540 ರೂಪಾಯಿ ಬೆಂಬಲ ಬೆಲೆ ಸಾರಿದ್ದಾರೆ. ಸಾರಿದ ಬೆಲೆಗೆ ತೂಗಿ ಕೊಳ್ಳುವ ತಕ್ಕಡಿ ಸುಗ್ಗಿಗೆ ಮೊದಲೇ ತೆರೆದಿರಬೇಕು. ರೈತ ಸಾಲಗಾರನಿಗೆ ಕಾಳು ಅಳೆದುಕೊಟ್ಟ ಮೇಲೆ ತೆರೆದರೆ ಲಾಭ ಯಾರಿಗೆಂದು ನಿಮಗೆ ಗೊತ್ತು. ಈ ಎರಡು ಬೇಡಿಕೆಗಳ ಅರ್ಜಿ ಸಿದ್ಧವಾಗಿದೆ. ಗಿರಣಿಯವರೂ ಅಂಗಡಿಯವರೂ ಒಂದೇ ಹಾಳೆಯಲ್ಲಿ ಸಹಿ ಹಾಕಬೇಕೆಂದು ಕೇಳಿಕೊಳ್ಳುತ್ತೇವೆ.