ಅಂಗಳದಲ್ಲಿ ವಿಜ್ಞಾನಪಾಠ

ನಡುಹಗಲಿನಲ್ಲಿ ಸೂರ್ಯನು ನೆತ್ತಿಯ ಮೇಲಿರುವನೆಂಬುದು ಮಕ್ಕಳ ಬಾಯಲ್ಲೆಲ್ಲ ಇರುವ ಮಾತು. ಅದು ನಿಜವೇ ಎಂದು ಅವರಿಂದಲೇ ಪರೀಕ್ಷೆ ಮಾಡಿಸೋಣ. ಶಾಲೆಯ ಅಂಗಳದಲ್ಲಿ 100 ಸೆಂಟಿಮೀಟರು ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ದಿನದ ಅತ್ಯಂತ ಗಿಡ್ಡ ನೆರಳನ್ನು ವಾರಕ್ಕೊಮ್ಮೆ ಅಳೆಯಿಸಬೇಕು. ಬೆಂಗಳೂರಿನಲ್ಲಿ ಆ ನೆರಳು ಡಿಸೆಂಬರ್ 21ರ ಸುಮಾರಿಗೆ ಉತ್ತರಕ್ಕೆ 74 ಸೆಂಟಿಮೀಟರು ಚಾಚುವುದು. ಜೂನ್ 21ರ ಸುಮಾರಿಗೆ ದಕ್ಷಿಣಕ್ಕೆ ತಿರುಗಿ ಸುಮಾರು 18 ಆಗುವುದು. ಏಪ್ರಿಲ್ 24, ಆಗಸ್ಟ್ 18ರ ಆಸುಪಾಸಿನಲ್ಲಿ ಮಾತ್ರ ಬುಡದಲ್ಲಿಯೇ ಅಡಗುವುದು.

ಹೀಗೇಕೆಂದು ಮಕ್ಕಳು ಕೇಳುವವರೆಗೆ ಉಪಾಧ್ಯಾಯರು ಕಾದಿರಬೇಕು. ಆಗ ಭೂಮಿಯ ಅಕ್ಷದ ಓರೆಯನ್ನು ವಿವರಿಸಿದರೆ, ಅದು ಬಾಯಿಪಾಠವಾಗದೆ ಅವರ ಪ್ರಶ್ನೆಗೆ ಉತ್ತರವಾಗುತ್ತದೆ. ಎಲ್ಲರೂ ಹೇಳುವ ಮಾತನ್ನು ಅಳೆದು ನೋಡುವ ಧೈರ್ಯವನ್ನು ಮಕ್ಕಳಿಗೆ ಕೊಡುವುದೇ ವಿಜ್ಞಾನಪಾಠವೆಂದು ನಾವು ತಿಳಿಯುತ್ತೇವೆ.